ಮುಧೋಳದ ಅಕ್ಕನ ಜೊತೆಗಿನ ಶನಿವಾರಗಳು

ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ತುಸು ಮುಂದಕ್ಕೆ ಬಾಗಿ ನಡೆಯುವುದು ಅಕ್ಕನ ರೂಢಿ. ಉದ್ದನೆಯ ಜಡೆಯನ್ನು ಚಳಿಯ ಕೋಟಿನೊಳಗೆ ಸೇರಿಸಿಬಿಟ್ಟಿರುತ್ತಿದ್ದಳು. ಜರ್ಮನಿಯ ರೈಲು ನಿಲ್ದಾಣಗಳಲ್ಲಿ ಎಲ್ಲರೂ ಓಡುತ್ತಿದ್ದರೆ ಅವಳೊಬ್ಬಳು ಕಬ್ಬಿನ ಹೊಲದ ಬದುವಿನ ಮೇಲೆ ಹೋಗುವವರ ಹಾಗೆ ಸಾವಕಾಶವಾಗಿ ಬರುತ್ತಿದ್ದಳು.

ಅವಳು ನನ್ನ ಒಡಹುಟ್ಟಿದವಳಲ್ಲ. ನಾನು ಬನಹಟ್ಟಿಯ ನೇಕಾರರ ಮನೆಯವಳು. ಅವಳು ಮುಧೋಳದವಳು, ತಂದೆ ಸಕ್ಕರೆ ಕಾರ್ಖಾನೆಯಲ್ಲಿದ್ದರು. ಊರಿನಲ್ಲಿ ಬಸ್ಸಿಗೆ ಒಂದು ತಾಸಿನ ದೂರದಲ್ಲಿದ್ದ ನಾವು ಭೇಟಿಯಾದದ್ದು ಜರ್ಮನಿಯ ಡ್ರೆಸ್ಡೆನ್‌ನಲ್ಲಿ. ಜವಳಿ ಎಂಜಿನಿಯರಿಂಗ್ ಓದಲು ಹೋದ ಹೊಸದರಲ್ಲಿ ನಾನು ತರಗತಿ ಮುಗಿದ ಕೂಡಲೇ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಒಂದು ಶನಿವಾರ ಬೆಳಿಗ್ಗೆ ಯಾರೋ ಬಾಗಿಲು ಬಡಿದರು. ತೆರೆದರೆ ಅಕ್ಕ.

"ಬನಹಟ್ಟಿಯಾಕಿ ಬಂದಾಳಂತ ಕೇಳಿದೆ. ಏಳ, ಬೂಟ ಹಾಕ್ಕೊ."

"ಎಲ್ಲಿಗೆ ಹೋಗೂದ್ರಿ?"

"ನನಗೂ ಗೊತ್ತಿಲ್ಲ. ಸ್ಟೇಷನ್ನಿಗೆ ಹೋಗಿ ನೋಡೂಣು."

ಅಲ್ಲಿಂದ ಮುಂದೆ ಶನಿವಾರಗಳೆಲ್ಲ ಅವಳವೇ ಆದವು. ನಾವಿಬ್ಬರು, ಪುಣೆಯ ಒಬ್ಬ ಹುಡುಗಿ, ನನ್ನ ತರಗತಿಯ ವಿಯೆಟ್ನಾಮಿನ ಒಬ್ಬ ಹುಡುಗ, ಹೀಗೆ ನಾಲ್ವರ ಗುಂಪು. ಯಾವ ಊರಿಗೆ ಹೋದರೂ ಅಕ್ಕ ಮೊದಲು ಸಂತೆಗೇ ಕರೆದುಕೊಂಡು ಹೋಗುವಳು. "ಅರಮನಿ ಎಲ್ಲಿ ಹೋಗತೈತಿ? ಸಂತಿ ಮಧ್ಯಾಹ್ನಕ್ಕ ಎದ್ದು ಹೋಗತೈತಿ" ಎನ್ನುವಳು. ರೈಲಿನಲ್ಲಿ ಒಣಗಿಸಿದ ಜೋಳದ ಕಟಕ ರೊಟ್ಟಿ, ಶೇಂಗಾ ಚಟ್ನಿಯ ಡಬ್ಬಿ ತೆಗೆದರೆ ಎದುರು ಕುಳಿತ ಅಪರಿಚಿತರಿಗೂ ಒಂದು ಪಾಲು. ಅವಳು ಓದುತ್ತಿದ್ದದ್ದು ಸಕ್ಕರೆ ತಯಾರಿಕೆಯ ವಿಷಯ. ಒಮ್ಮೆ ಹೊಲದಲ್ಲಿದ್ದ ರೈತನಿಂದ, ಅಲ್ಲಿ ಸಕ್ಕರೆ ತೆಗೆಯುವ ಬೀಟ್‌ರೂಟ್‌ನಂಥ ಗಡ್ಡೆ ಕೇಳಿ ಪಡೆದು, ಕೊಯ್ದು ನಮಗೆಲ್ಲ ಹಂಚಿದಳು. ತಾನೂ ಜಗಿದು, "ಸಿಹಿ ಏನೋ ಐತಿ, ಕಬ್ಬಿನ ಸುಖ ಇಲ್ಲ" ಎಂದು ತೀರ್ಪು ಕೊಟ್ಟಳು.

ಎರಡನೆಯ ವರ್ಷ ಪ್ರಾಗ್‌ಗೆ ಹೋಗಿದ್ದೆವು. ಭಾನುವಾರ ಮಧ್ಯಾಹ್ನ ನಾನು ಟ್ರಾಮ್‌ನಲ್ಲಿ ಚೀಲ ಬಿಟ್ಟು ಇಳಿದುಬಿಟ್ಟೆ. ಪಾಸ್‌ಪೋರ್ಟ್ ಅದರಲ್ಲೇ ಇತ್ತು. ಪೊಲೀಸ್ ಠಾಣೆಯಲ್ಲಿ ನನಗೆ ಅಳು ಬಿಟ್ಟರೆ ಬೇರೆ ಭಾಷೆ ಬರಲಿಲ್ಲ. ಅಲ್ಲಿದ್ದವರಿಗೆ ಇಂಗ್ಲಿಷ್ ಬರಲಿಲ್ಲ. ಅಕ್ಕ ಕಾಗದದ ಮೇಲೆ ಟ್ರಾಮ್‌ನ ಚಿತ್ರ ಬರೆದಳು, ಅದರ ನಂಬರ್ ಬರೆದಳು, ನಾನು ಕುಳಿತಿದ್ದ ಕಿಟಕಿಗೆ ಒಂದು ಗುರುತು ಹಾಕಿದಳು. ಚೀಲ ಸಿಗಲಿಲ್ಲ, ದೂರಿನ ಪ್ರತಿ ಸಿಕ್ಕಿತು. ರಾಯಭಾರ ಕಚೇರಿ ತೆರೆಯುವುದು ಮರುದಿನ. ನಮ್ಮ ಬಸ್ಸು ಅಂದೇ ಸಂಜೆ.

"ಅಕ್ಕಾ, ನೀವು ಹೋಗ್ರಿ. ನಾ ಹೆಂಗರ ಬರತೇನಿ" ಎಂದೆ.

"ಮೊದಲ ಎರಡ ತುತ್ತು ತಿನ್ನ" ಎಂದು ಬ್ರೆಡ್ಡು ನನ್ನ ಕೈಗಿತ್ತಳು. ಉಳಿದಿಬ್ಬರನ್ನು ಬಸ್ ಹತ್ತಿಸಿ ಬಂದಳು. ಸೋಮವಾರ ಮಧ್ಯಾಹ್ನ ಪಾಸ್‌ಪೋರ್ಟ್ ಬದಲಿನ ತಾತ್ಕಾಲಿಕ ಪತ್ರ ಕೈಗೆ ಬರುವತನಕ ನನ್ನ ಪಕ್ಕ ಬಿಟ್ಟು ಕದಲಲಿಲ್ಲ.

ಆ ಸೋಮವಾರ ಬೆಳಿಗ್ಗೆ ಅವಳ ಕೊನೆಯ ಪರೀಕ್ಷೆ ಇತ್ತೆಂದು ಪುಣೆಯ ಹುಡುಗಿ ಹೇಳಿದ್ದು ವಾರದ ನಂತರ. ಅದನ್ನು ಮತ್ತೆ ಬರೆಯಲು ಆರು ತಿಂಗಳು ಕಾಯಬೇಕಿತ್ತು. ಓಡಿಹೋಗಿ ಕೇಳಿದೆ. ಅಕ್ಕ ತಲೆ ಎತ್ತದೆ ಈರುಳ್ಳಿ ಹೆಚ್ಚುತ್ತಲೇ ಇದ್ದಳು. "ನಿನ್ನ ಅಲ್ಲಿ ಬಿಟ್ಟು ಬಂದಿದ್ರ ಪೇಪರ್ ಬರ್ಯಾಕ ಕೈ ಏಳತಿತ್ತೇನ?"

ಆರು ತಿಂಗಳ ನಂತರ ಅವಳು ಪರೀಕ್ಷೆ ಬರೆದ ವಾರದಲ್ಲೇ ಮುಧೋಳದಲ್ಲಿ ಅವಳ ತಂಗಿಯ ಮದುವೆ ಆಯಿತು. ಹೋಗಲಾಗದೆ ಅಕ್ಷತೆಯನ್ನು ಫೋನಿನಲ್ಲಿ ನೋಡಿದಳು.

ಈಗ ಇಬ್ಬರೂ ಊರಿಗೆ ಮರಳಿದ್ದೇವೆ. ಅಕ್ಕ ಸಕ್ಕರೆ ಕಾರ್ಖಾನೆಯ ಪ್ರಯೋಗಾಲಯದಲ್ಲಿದ್ದಾಳೆ, ನಾನು ಮನೆಯ ಮಗ್ಗಗಳನ್ನು ನೋಡಿಕೊಳ್ಳುತ್ತೇನೆ. ಹೋದ ವರ್ಷ ಮೊದಲ ಸಲ ಅವಳ ಮನೆಗೆ ಊಟಕ್ಕೆ ಹೋಗಿದ್ದೆ. ಹೋಳಿಗೆ ಬಡಿಸುತ್ತ ಅವಳ ತಾಯಿ ಹೇಳಿದರು: "ಪರೀಕ್ಷಾ ದಿನ ಈಕಿಗಿ ಎಚ್ಚರ ಆಗಲಿಲ್ಲಂತ ನೋಡವ್ವಾ. ಅದನ್ನ ಮತ್ತ ಬರ್ಯಾಕ ನಿಂತು ತಂಗಿ ಲಗ್ನಾನೂ ತಪ್ಪಿಸಿಕೊಂಡ್ಲು. ಅದೊಂದು ನನ್ನ ಮನಸಿನಾಗ ಕುಂತೈತಿ."

ತಾಯಿಯ ಬೆನ್ನ ಹಿಂದೆ ನಿಂತಿದ್ದ ಅಕ್ಕ ಬೇಡವೆಂದು ನನಗೆ ತಲೆಯಾಡಿಸಿದಳು. ನಾನು ಅದಕ್ಕೆ ಮಣಿಯಲಿಲ್ಲ. ಟ್ರಾಮ್‌ನಿಂದ ಹಿಡಿದು ಎಲ್ಲವನ್ನೂ ಹೇಳಿಬಿಟ್ಟೆ.

ತಾಯಿ ಹೋಳಿಗೆಯ ತಟ್ಟೆ ಕೆಳಗಿಟ್ಟು ಮಗಳ ಕಡೆ ತಿರುಗಿದರು. "ಇಷ್ಟ ದಿನ ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ, ಮಾರಿ ಸೈತ ಕಾಣದ ಈ ಹುಡುಗಿನ್ನ ನೀ ಬೈತಿದ್ದಿ."

"ಬೈತಿದ್ದೆ, ಖರೆ" ಎಂದರು ತಾಯಿ. ಆಮೇಲೆ ಮಗಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು, ಹೋಳಿಗೆ ಮುರಿದು ಅವಳ ಬಾಯಿಗಿಟ್ಟರು.