ಅಮ್ಮನ ಸೆರಗು ಯಾವ ಹೆಗಲ ಮೇಲಿತ್ತು

ಗೆಳೆಯರೇ, ಅಮ್ಮನ ಫೋಟೋ ತೆಗೆದ ಜಾಗ ಇವತ್ತು ಸಿಕ್ಕಿತು. ಹುಡುಕಿಕೊಟ್ಟದ್ದು ನಾನೂ ಅಲ್ಲ, ನನ್ನ ಜೊತೆ ಹುಡುಕಿದ ನೀವೂ ಅಲ್ಲ.

ತೀರಿಕೊಂಡ ಅಮ್ಮ, ಮದುವೆಯಾದ ಹೊಸದರಲ್ಲಿ ರೈಲು ಹಳಿಯ ಪಕ್ಕ ನಿಂತ ಫೋಟೋ ಅದು. ಎಡಕ್ಕೆ ಬಂಡೆ, ಬಲಕ್ಕೆ ಕೆರೆ, ಹಿಂದೆ ಸೇತುವೆ. ಅಲ್ಲಿ ಒಮ್ಮೆ ನಿಲ್ಲಬೇಕೆಂಬ ಆಸೆಗೆ, ವಾರದಿಂದ ಉಪಗ್ರಹ ನಕ್ಷೆಯಲ್ಲಿ ರಾಮನಗರದಿಂದ ಚನ್ನಪಟ್ಟಣದವರೆಗೆ ಹಳಿ ಸವೆಸಿದ್ದೆ. ಮೂರೂ ಒಂದೇ ಕಡೆ ಹೊಂದಲಿಲ್ಲ.

ಇವತ್ತು ಚನ್ನಪಟ್ಟಣದ ಬಸ್ ನಿಲ್ದಾಣದಲ್ಲಿ, ಹೊಂಗನೂರಿನ ಬಸ್ಸಿಗೆ ಕಾಯುತ್ತಿದ್ದ ಅಜ್ಜಿಯೊಬ್ಬರು ನನ್ನ ಕೈಯಲ್ಲಿದ್ದ ಫೋಟೋ ಕಡೆಗೆ ಬಗ್ಗಿದರು.

“ನಿಮ್ಮವ್ವ ಬಲಗಡೀಕೆ ಸೆರಗು ಹಾಕೋರಾ?”

“ಇಲ್ಲಜ್ಜಿ, ಎಡಕ್ಕೆ.”

“ಇಲ್ಲಿ ಬಲಕ್ಕೈತಲ್ಲ, ನೋಡವ್ವ. ಫೋಟೋದೋನು ತಿರಗಾಮುರಗ ಮಾಡ್ಬುಟ್ಟವ್ನೆ ಕಣವ್ವ.”

ಫೋಟೋವನ್ನು ಮೊಬೈಲಿನಲ್ಲಿ ಸೆರೆಹಿಡಿದು ಕನ್ನಡಿಯಂತೆ ತಿರುಗಿಸಿದೆ. ಬಂಡೆ ಬಲಕ್ಕೆ ಬಂತು, ಕೆರೆ ಎಡಕ್ಕೆ. ನಕ್ಷೆಯಲ್ಲಿ ಎರಡು ಸಲ ನೋಡಿ ಬಿಟ್ಟಿದ್ದ ಜಾಗವೇ ಅದು. ಸಂಜೆ ಹೋಗಿ, ಹಳಿ ಪಕ್ಕದ ಬೇಲಿಯ ಈಚೆಗೆ ತುಸು ಹೊತ್ತು ನಿಂತು ಬಂದೆ.

ಹೆಸರು ಕೇಳುವಷ್ಟರಲ್ಲಿ ಅಜ್ಜಿಯ ಬಸ್ಸು ಬಂದಿತ್ತು. ಇಲ್ಲಿಂದಲೇ ಕೈ ಮುಗಿಯುತ್ತೇನೆ. ವಾರವಿಡೀ ನಾನು ಬಂಡೆ ನೋಡಿದೆ, ಕೆರೆ ನೋಡಿದೆ, ಸೇತುವೆ ನೋಡಿದೆ. ಅಮ್ಮನನ್ನು ನೋಡಿದ್ದು ಅವರೊಬ್ಬರೇ.