ನಾನು ಆಡಿದ ಅರ್ಧ ಮಾತು

ಧಾರವಾಡದ ನಮ್ಮ ಓಣಿಯ ಕೊನೆಯ ಮನೆಯನ್ನು ಬಾಡಿಗೆಗೆ ಹಿಡಿದು ಒಬ್ಬ ಹೆಣ್ಣು ಡಾಕ್ಟರು ದವಾಖಾನೆ ತೆರೆದಾಗ ನನಗೆ ಇಪ್ಪತ್ತಾರು ವರ್ಷ. ಅದು ಎರಡನೆಯ ಮಹಾಯುದ್ಧಕ್ಕೆ ಮೂರು ನಾಲ್ಕು ವರ್ಷ ಮೊದಲಿನ ಮಾತು. ನನ್ನ ಯಜಮಾನರು ಕೋರ್ಟಿನಲ್ಲಿ ಕಾರಕೂನರಾಗಿದ್ದರು. ಮಕ್ಕಳಿರಲಿಲ್ಲ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯವರೆಗೆ ಓದಿದ್ದ ನನಗೆ ಮಧ್ಯಾಹ್ನಗಳು ಬಹಳ ಉದ್ದವೆನಿಸುತ್ತಿದ್ದವು. ಊರೆಲ್ಲ ‘ಡಾಕ್ಟರ್‌ಬಾಯಿ’ ಎಂದು ಕರೆಯುತ್ತಿದ್ದ ಆಕೆ ಒಂದು ದಿನ ನಮ್ಮ ಮನೆಗೇ ಬಂದು, “ನಿಮಗ ಓದಾಕ ಬರಿಯಾಕ ಬರ್ತದ. ರಕ್ತಾ ನೋಡಿ ಹೆದರೂ ಪೈಕಿ ಅಲ್ಲ ಅಂತ ಕಾಣಸ್ತದ. ನನ್ನ ಜೋಡಿ ಕೆಲಸಾ ಮಾಡ್ತೀರೇನು?” ಎಂದು ಕೇಳಿದರು. ಯಜಮಾನರು ಬೇಡವೆನ್ನಲಿಲ್ಲ. ಮರುದಿನದಿಂದಲೇ ನಾನು ಹೋಗತೊಡಗಿದೆ.

ಪಟ್ಟಿ ಕುದಿಸುವುದು, ಔಷಧಿ ಕಲಸುವುದು, ಬಂದವರ ಹೆಸರು ಮತ್ತು ಬೇನೆಯನ್ನು ದಪ್ಪ ರಟ್ಟಿನ ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಆರು ತಿಂಗಳಲ್ಲಿ ಗಾಯ ತೊಳೆದು ಪಟ್ಟಿ ಕಟ್ಟುವುದನ್ನೂ ಕಲಿತೆ. ಹೊರಗಿನ ಕಟ್ಟೆಯ ಮೇಲೆ ಹೆಂಗಸರು ಸಾಲಾಗಿ ಕೂತಿರುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ಹೆಸರು ಕೂಗಿ, “ಹೊಟ್ಟಿ ನೋವು ಕಡಿಮಿ ಆತೇನ್ರಿ?” ಎಂದು ಅಲ್ಲಿಯೇ ಕೇಳಿಬಿಡುತ್ತಿದ್ದೆ. ಅದರಲ್ಲಿ ತಪ್ಪೇನಾದರೂ ಇದೆಯೆಂದು ನನಗಾಗಲಿ, ಕಟ್ಟೆಯ ಮೇಲಿದ್ದವರಿಗಾಗಲಿ ಆಗ ಹೊಳೆದಿರಲಿಲ್ಲ.

ಆ ವರ್ಷ ಚಳಿಗಾಲದಲ್ಲಿ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುವ ಅಕ್ಕಾವರೊಬ್ಬರು ಬಂದರು. ನನ್ನದೇ ವಯಸ್ಸು. ಮದುವೆಯಾಗಿರಲಿಲ್ಲ, ಮನೆಯಲ್ಲಿ ಅವರು ಮತ್ತು ಅವರ ತಾಯಿ ಇಬ್ಬರೇ ಇದ್ದರು, ಅವರ ದುಡಿಮೆಯಿಂದಲೇ ಮನೆ ನಡೆಯುತ್ತಿತ್ತು. ಸೆರಗನ್ನು ಕೊರಳ ಸುತ್ತ ಬಿಗಿಯಾಗಿ ಹೊದ್ದುಕೊಂಡಿದ್ದರು. ಒಳಗೆ ಬಂದು ಸೆರಗು ಸರಿಸಿದಾಗ ಕಿವಿಯ ಕೆಳಗೆ ಗೋಲಿಯಂತೆ ನಾಲ್ಕಾರು ಗಂಟುಗಳು ಕಂಡವು. ಒಂದು ಒಡೆದು ಸೋರುತ್ತಿತ್ತು. ಡಾಕ್ಟರ್‌ಬಾಯಿ ಮುಟ್ಟಿ ನೋಡಿ, ಎದೆಯನ್ನು ಎರಡೆರಡು ಸಲ ಪರೀಕ್ಷಿಸಿ, ಮುಚ್ಚುಮರೆಯಿಲ್ಲದೆ ಹೇಳಿದರು: ಇದು ಕ್ಷಯದ ಜಾತಿಯ ಗಂಡಮಾಲೆ. ಕೊರಳಿನ ಗಂಟಿಗಷ್ಟೇ ಸೀಮಿತವಾಗಿದೆ, ಎದೆ ಸ್ವಚ್ಛವಾಗಿದೆ. ಗಾಯ ಮುಚ್ಚಿಕೊಂಡಿದ್ದರೆ ಮಕ್ಕಳಿಗೆ ಕಲಿಸಲು ಅಡ್ಡಿಯಿಲ್ಲ.

ಅಕ್ಕಾವರು ಅಳಲಿಲ್ಲ. “ಇದನ್ನ ಯಾರಿಗೂ ಹೇಳಬ್ಯಾಡ್ರಿ. ನಮ್ಮವ್ವಗೂ ಬ್ಯಾಡ,” ಎಂದರು.

ಅಂದಿನಿಂದ ಅವರು ಶಾಲೆ ಬಿಟ್ಟ ಮೇಲೆ ದಿನ ಬಿಟ್ಟು ದಿನ ಬರುತ್ತಿದ್ದರು. ಪಟ್ಟಿ ಕಟ್ಟುತ್ತಿದ್ದವಳು ನಾನೇ. ಮೀನೆಣ್ಣೆ ಕುಡಿಯಬೇಕೆಂದು ಡಾಕ್ಟರ್‌ಬಾಯಿ ಹೇಳಿದ್ದರು. ಮಡಿವಂತ ತಾಯಿ ಇದ್ದ ಮನೆಗೆ ಆ ಬಾಟಲಿ ಒಯ್ಯುವುದು ಹೇಗೆ? ಅದಕ್ಕೆ ದವಾಖಾನೆಯಲ್ಲೇ ಮೂಗು ಹಿಡಿದು ಕುಡಿದು, ಲವಂಗ ಜಗಿಯುತ್ತ ಮನೆಗೆ ಹೋಗುತ್ತಿದ್ದರು. ಗಾಯ ತೊಳೆಯುವಾಗ ನೋವಾದರೆ ಮಾತಾಡದೆ ನನ್ನ ಮೊಣಕೈ ಹಿಡಿಯುತ್ತಿದ್ದರು. ನಾವು ಗೆಳತಿಯರಂತೆಯೇ ಆಗಿದ್ದೆವು.

ಚೈತ್ರದ ಅರಿಷಿಣ ಕುಂಕುಮಕ್ಕೆ ಓಣಿಯ ಒಂದು ಮನೆಗೆ ಹೋಗಿದ್ದೆ. ಕೋಸಂಬರಿ, ಪಾನಕ ಕೊಟ್ಟ ಮೇಲೆ ಹತ್ತು ಹನ್ನೆರಡು ಹೆಂಗಸರು ಗೌರಿಯ ಮುಂದೆ ಹರಟುತ್ತ ಕೂತೆವು. ಆ ಮನೆಯ ಯಜಮಾನಿ ನನ್ನ ಕಡೆ ತಿರುಗಿ ಕೇಳಿದಳು:

“ಸಾಲಿ ಅಕ್ಕಾರು ನಿಮ್ಮ ದವಾಖಾನಿಗೆ ಅಡ್ಡಾಡ್ತಾರಂತ. ಯಾಕ, ಏನ್ ಆಗ್ಯದ? ನನ್ನ ಮಗಳು ಅವರ ವರ್ಗದಾಗನ ಇದ್ದಾಳ. ಭಾಳ ಛಲೋ ಹೆಣಮಗಳು, ಪಾಪ.”

ಕೇಳಿದ ದನಿಯಲ್ಲಿ ಕಾಳಜಿ ಇತ್ತು. ನನಗೂ ಆ ಕಾಳಜಿಗೆ ಸಮಾಧಾನದ ಉತ್ತರ ಕೊಡಬೇಕೆನಿಸಿತು. “ಏನಿಲ್ರಿ, ಈಗ ಎಷ್ಟೋ ಛಲೋ ಅದ. ಗಾಯಾನೂ ಒಣಗಾಕತ್ತದ,” ಎಂದೆ.

“ಎಂಥಾ ಗಾಯ?”

ನಾನು ಪಾನಕದ ಲೋಟ ಎತ್ತಿಕೊಂಡು ಸುಮ್ಮನಾದೆ. ಪಕ್ಕದಲ್ಲಿದ್ದ ಇನ್ನೊಬ್ಬಾಕೆ, “ಅದಕ್ಕ ಕೊರಳಿಗೆ ಸೆರಗ ಸುತಗೊಂಡಿರ್ತಾರನು?” ಎಂದಳು. ಅದಕ್ಕೂ ನಾನು ಉತ್ತರಿಸಲಿಲ್ಲ. ಆ ಮೌನವನ್ನು ಎಲ್ಲರೂ ಓದಿಕೊಂಡರು. ಕುತ್ತಿಗೆಯಲ್ಲಿ ಬೇಗ ಒಣಗದ ಗಾಯವೆಂದರೆ ಏನೆಂದು ಅಲ್ಲಿದ್ದ ಹಿರಿಯರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ವಾರದೊಳಗೆ ಆ ವರ್ಗದ ಹನ್ನೊಂದು ಹುಡುಗಿಯರು ಶಾಲೆಗೆ ಬರುವುದನ್ನು ನಿಲ್ಲಿಸಿದರು. ಇದು ನನಗೆ ತಿಳಿದದ್ದು ಶಾಲೆಯ ಕಮಿಟಿಯ ಹಿರಿಯರೊಬ್ಬರು ದವಾಖಾನೆಗೆ ಬಂದಾಗ. ರುಮಾಲು ಸುತ್ತಿ, ಬೆತ್ತ ಹಿಡಿದ ಗೌರವಸ್ಥರು. ನಾನು ಪರದೆಯ ಹಿಂದೆ ಪಟ್ಟಿ ಮಡಚುತ್ತಿದ್ದೆ.

“ಅಕ್ಕಾರಿಗೆ ಕ್ಷಯ ಅದ ಅಂತ ಊರಾಗ ಮಾತು ನಡದದ. ಖರೇನೋ ಸುಳ್ಳೋ, ನೀವು ಒಂದ ಚೀಟಿ ಬರದ ಕೊಡ್ರಿ. ಇಲ್ಲಾ ನಿಮ್ಮ ಪುಸ್ತಕ ತೋರಸ್ರಿ,” ಎಂದರು ಅವರು.

“ಆ ಪುಸ್ತಕ ನನ್ನ ಕಪಾಟಿನ್ಯಾಗ ಇರ್ತದ್ರಿ. ಆದರ ಅದರಾಗ ಇದ್ದದ್ದು ನಂದಲ್ಲ. ಯಾರ ಬ್ಯಾನಿ ಅದನೋ ಅವರದು. ನೀವು ಅವರನ್ನ ಕೇಳಬೇಕು,” ಎಂದರು ಡಾಕ್ಟರ್‌ಬಾಯಿ.

“ಮಕ್ಕಳ ಜೀವದ ಪ್ರಶ್ನಿ ಅದರಿ ಬಾಯಾರ. ನಮಗೂ ಹೊಣಿ ಅದ.”

“ಇಲ್ಲ ಅನ್ನಂಗಿಲ್ರಿ ನಾನು. ನನ್ನ ಕಡೆ ಬರೂ ಯಾರಿಂದಾದರೂ ಮಕ್ಕಳಿಗೆ ಅಪಾಯ ಇದ್ದರ, ಸಾಲಿಗೆ ಹೋಗಬ್ಯಾಡ್ರಿ ಅಂತ ಅವರಿಗೆ ನಾನ ಮೊದಲ ಹೇಳತಿದ್ದೆ. ಕೇಳದಿದ್ದರ ಮುಂದಿನ ವಿಚಾರ ಮಾಡತಿದ್ದೆ. ಇಷ್ಟರ ಮ್ಯಾಲೆ ಒಂದ ಅಕ್ಷರ ಬರೀಬೇಕಾದರೂ ಅವರ ಒಪ್ಪಿಗಿ ಬೇಕು.”

ಹಿರಿಯರು ಅಸಮಾಧಾನದಿಂದಲೇ ಎದ್ದು ಹೋದರು. ನಾನು ಪರದೆಯಿಂದ ಹೊರಗೆ ಬಂದು ಡಾಕ್ಟರ್‌ಬಾಯಿಯ ಮುಂದೆ ಎಲ್ಲವನ್ನೂ ಹೇಳಿಕೊಂಡೆ. ಬೈಯುತ್ತಾರೆ, ಕೆಲಸದಿಂದ ತೆಗೆಯುತ್ತಾರೆ ಎಂದುಕೊಂಡಿದ್ದೆ. ಅವರು ಎರಡನ್ನೂ ಮಾಡಲಿಲ್ಲ.

“ನನ್ನ ಮುಂದ ಹೇಳಿ ಏನ್ ಮಾಡ್ತೀರಿ? ಅವರ ಮನಿಗೆ ಹೋಗಿ ಅವರಿಗೆ ಹೇಳ್ರಿ,” ಎಂದರು.

ಮರುದಿನ ಬೆಳಿಗ್ಗೆ ಹೋದೆ. ಎರಡು ಕೋಣೆಯ ಮನೆ. ತಾಯಿ ಹಿತ್ತಲಲ್ಲಿ ತುಳಸಿಗೆ ನೀರು ಹಾಕುತ್ತಿದ್ದರು. ಅಕ್ಕಾವರು ನನ್ನನ್ನು ಕಂಡು ನಕ್ಕರು. ಸಮಾಧಾನ ಹೇಳಲು ಬಂದಿದ್ದೇನೆ ಎಂದುಕೊಂಡಿರಬೇಕು. ಚಾಪೆ ಹಾಸಿದರು. ನಾನು ಕೂಡಲಿಲ್ಲ. ನಿಂತುಕೊಂಡೇ ಆ ದಿನ ಯಾರು ಏನು ಕೇಳಿದರು, ನಾನು ಏನು ಹೇಳಿದೆ ಎಂಬುದನ್ನು ಒಂದೂ ಬಿಡದೆ ಹೇಳಿದೆ. “ಕೆಟ್ಟ ಮನಸ್ಸಿಲೆ ಹೇಳಲಿಲ್ರಿ,” ಎಂದೂ ಸೇರಿಸಿದೆ.

“ನನಗ ಗೊತ್ತದ,” ಎಂದರು ಅವರು. ಮತ್ತೆ ಹೇಳಿದರು: “ನೀವು ಸುಳ್ಳ ಹೇಳಲಿಲ್ಲ, ಕೆಟ್ಟದ್ದೂ ಆಡಲಿಲ್ಲ. ಆದರ ಅದು ನಾ ಹೇಳಬೇಕಾದ ಮಾತಾಗಿತ್ತು. ಯಾವಾಗ ಹೇಳಬೇಕು, ಯಾರಿಗೆ ಹೇಳಬೇಕು ಅಂತ ನಾ ವಿಚಾರ ಮಾಡಾಕತ್ತಿದ್ದೆ. ನಿನ್ನೆ ನಮ್ಮವ್ವ ಅದನ್ನ ಬಾವಿಕಟ್ಟಿ ಮ್ಯಾಲೆ ಮಂದಿ ಬಾಯಿಂದ ಕೇಳಿ ಬಂದ್ಲು.”

ಹೊರಡುವಾಗ ಅವರು ಬಾಗಿಲವರೆಗೆ ಬಂದು, “ಸಿಟ್ಟಿಲ್ರಿ ನನಗ. ಆದರ ಇನ್ನಮ್ಯಾಲೆ ಪಟ್ಟಿ ಡಾಕ್ಟರ್‌ಬಾಯಾರ ಕಟ್ಟಲಿ,” ಎಂದರು. ಬೈದಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ.

ಆ ಸಂಜೆ ಅವರು ದವಾಖಾನೆಗೆ ಬಂದರು. ಕಮಿಟಿಗೆ ಏನು ಬರೆಯಬಹುದೆಂದು ಡಾಕ್ಟರ್‌ಬಾಯಿ ಕೇಳಿದಾಗ ಬೇನೆಯ ಹೆಸರು ಬೇಡವೆಂದರು. ‘ಇವರು ಕಲಿಸುವುದರಿಂದ ಮಕ್ಕಳಿಗೆ ಅಪಾಯವಿಲ್ಲ’ ಎಂಬ ಒಂದೇ ಸಾಲು ಸಾಕು ಎಂದರು. ಡಾಕ್ಟರ್‌ಬಾಯಿ ಹಾಗೆಯೇ ಬರೆದು, ಅವರಿಗೆ ಓದಿ ಹೇಳಿ, ಅವರ ಕೈಗೇ ಕೊಟ್ಟರು. ಕಮಿಟಿಯಲ್ಲಿ ಆ ಒಂದು ಸಾಲಿನ ಮೇಲೆ ಬಹಳ ಚರ್ಚೆಯಾಯಿತಂತೆ. ಕೊನೆಗೆ ಕೆಲಸ ಉಳಿಯಿತು, ವರ್ಗ ಹೋಯಿತು. ಅವರನ್ನು ಹೊಲಿಗೆಯ ತಾಸಿಗೆ ಹಾಕಿದರು. ಹುಡುಗಿಯರಲ್ಲಿ ಕೆಲವರು ದೀಪಾವಳಿಯ ಹೊತ್ತಿಗೆ ಮರಳಿ ಬಂದರು, ಕೆಲವರು ಬರಲೇ ಇಲ್ಲ. ಗಾಯ ಪೂರ್ತಿ ಮಾಯ್ದ ಮೇಲೆ, ಎರಡು ವರ್ಷಕ್ಕೆ, ಅಕ್ಕಾವರು ತಾಯಿಯೊಡನೆ ಗದಗಿನ ಶಾಲೆಯೊಂದಕ್ಕೆ ಹೋದರು. ಅಲ್ಲಿ ಮುಖ್ಯ ಅಧ್ಯಾಪಿಕೆಯಾದರೆಂದು ಆಮೇಲೆ ಕೇಳಿದೆ. ಅಲ್ಲಿಯವರೆಗೂ ದವಾಖಾನೆಗೆ ಬಂದಾಗಲೆಲ್ಲ ನನ್ನನ್ನು ಚೆನ್ನಾಗಿ ಮಾತಾಡಿಸುತ್ತಿದ್ದರು. ಮೊಣಕೈ ಮಾತ್ರ ಮತ್ತೆ ಹಿಡಿಯಲಿಲ್ಲ.

ದವಾಖಾನೆಯಲ್ಲಿ ಕೆಲವು ಬದಲಾವಣೆಗಳಾದವು. ಕಟ್ಟೆಯ ಮೇಲೆ ಕೂತವರಿಗೆ ಅಂಕಿ ಬರೆದ ತಗಡಿನ ಬಿಲ್ಲೆ ಕೊಟ್ಟು, ಹೆಸರಿನ ಬದಲು ಅಂಕಿ ಕೂಗತೊಡಗಿದೆ. ಬೇನೆಯನ್ನು ಒಳಗೆ ಬಂದ ಮೇಲೆಯೇ ಕೇಳುತ್ತಿದ್ದೆ. ಪುಸ್ತಕದ ಕಪಾಟಿಗೆ ಕೀಲಿ ಬಂತು. ಇವೆಲ್ಲ ಸುಲಭದ ಕೆಲಸಗಳು. ಕಷ್ಟವಾದದ್ದು ನಾಲಿಗೆಯದು. ‘ನನಗೆ ಗೊತ್ತಿಲ್ಲ’ ಎಂದರೆ ಸುಳ್ಳು. ದೊಡ್ಡ ಬೇನೆಯ ಬಗ್ಗೆ ಕೇಳಿದಾಗ ಮಾತ್ರ ‘ಹೇಳುವಂತಿಲ್ಲ’ ಎಂದರೆ, ದೊಡ್ಡ ಬೇನೆಯಿದೆ ಎಂದು ಹೇಳಿದಂತೆಯೇ. ಇದು ಅರ್ಥವಾಗಲು ನನಗೆ ಬಹಳ ದಿನ ಹಿಡಿಯಿತು. ಆಮೇಲೆ ನೆಗಡಿಯೇ ಇರಲಿ, ಹೆರಿಗೆಯೇ ಇರಲಿ, ಯಾರ ಬಗ್ಗೆ ಯಾರು ಕೇಳಿದರೂ ಒಂದೇ ಉತ್ತರ ಕೊಡುವುದನ್ನು ರೂಢಿ ಮಾಡಿಕೊಂಡೆ: “ಅವರನ್ನ ಕೇಳ್ರಿ.” ಓಣಿಯವರು ನನಗೆ ಸೊಕ್ಕು ಬಂದಿದೆ ಎಂದರು. ಅರಿಷಿಣ ಕುಂಕುಮದ ಕರೆಗಳು ಬಂದರೂ ನಾನು ಹೋದಾಗ ಮಾತು ತುಸು ತಗ್ಗುತ್ತಿತ್ತು.

ಯುದ್ಧ ನಡೆದಿದ್ದಾಗ ನನ್ನ ಸ್ವಂತ ಅಕ್ಕ ಹುಬ್ಬಳ್ಳಿಯಿಂದ ಬಂದಳು. ಮದುವೆಯಾಗಿ ನಾಲ್ಕು ವರ್ಷವಾದರೂ ಮಕ್ಕಳಾಗದ ಅವಳ ಸೊಸೆ ಧಾರವಾಡದ ತವರಿಗೆ ಬಂದಾಗಲೆಲ್ಲ ನಮ್ಮ ದವಾಖಾನೆಯಲ್ಲಿ ತೋರಿಸಿಕೊಳ್ಳುತ್ತಿದ್ದಳು. ಅಕ್ಕ ಊಟ ಮುಗಿಸಿ, ಎಲೆ ಅಡಿಕೆಯ ತಟ್ಟೆ ಮುಂದಿಟ್ಟುಕೊಂಡು ಮೆಲ್ಲಗೆ ಕೇಳಿದಳು:

“ಆಕಿಗೆ ಮಕ್ಕಳಾಗೂ ಹಂಗ ಅದನೋ ಇಲ್ಲೋ, ಅಷ್ಟ ಹೇಳು. ಇಲ್ಲಾ ಅಂದರ ನಾವು ಮುಂದಿನ ವಿಚಾರ ಮಾಡಬೇಕು.”

ಮುಂದಿನ ವಿಚಾರ ಎಂದರೆ ಮಗನಿಗೆ ಎರಡನೆಯ ಮದುವೆ. ಡಾಕ್ಟರ್‌ಬಾಯಿ ಪರೀಕ್ಷಿಸಿದಾಗ ಸೊಸೆಯಲ್ಲಿ ಯಾವ ದೋಷವೂ ಕಂಡಿರಲಿಲ್ಲ. ಆ ಒಂದು ಮಾತು ಹೇಳಿದರೆ ಹುಡುಗಿಗೆ ಒಳ್ಳೆಯದೇ ಆಗುತ್ತದೆ ಎಂದು ಅದು ನಾಲಿಗೆಯ ತುದಿಯವರೆಗೂ ಬಂತು. ಒಳ್ಳೆಯದಾಗಲಿ ಎಂದೇ ನಾನು ಹಿಂದೆಯೂ ಬಾಯಿ ಬಿಟ್ಟಿದ್ದೆ.

“ಅಕ್ಕಾ, ಆಕಿನ್ನ ಕೇಳು,” ಎಂದೆ.

“ನಾ ನಿನ್ನ ಒಡಹುಟ್ಟಿದಾಕಿ ಅದೇನಿ.”

“ಹೌದು. ಆದರೂ ಆಕಿನ್ನ ಕೇಳು.”

ಅಕ್ಕ ಅಂದೇ ಸಂಜೆಯ ಗಾಡಿಗೆ ಹೋದಳು. ಒಂದು ವರ್ಷ ನನಗೆ ಪತ್ರ ಬರೆಯಲಿಲ್ಲ. ಅಕ್ಕ ಹೋದ ಮರುದಿನ ದವಾಖಾನೆಗೆ ಬಂದ ಸೊಸೆಗೆ ನಾನು, ನಿಮ್ಮ ಅತ್ತೆ ಹೀಗೆ ಕೇಳಿದರು, ನಾನು ಏನೂ ಹೇಳಿಲ್ಲ ಎಂದು ತಿಳಿಸಿದೆ. ಅವಳು ಕೈಯಲ್ಲಿದ್ದ ಬಿಲ್ಲೆಯನ್ನು ನನಗೆ ಮರಳಿ ಕೊಟ್ಟಳು. ಆಮೇಲೆ, “ಹಂಗಾರ ನನ್ನಾಗ ದೋಷ ಇಲ್ಲ ಅನ್ನೂದನ್ನ ನಮ್ಮ ಮನಿಯವರಿಗೆ ನಾನ ಹೇಳ್ತೇನ್ರಿ ಚಿಗವ್ವಾ. ನೀವೂ ಡಾಕ್ಟರಿಗೆ ತೋರಿಸಿಕೋರಿ ಅಂತೇನಿ,” ಎಂದಳು. ಗಂಡನಿಗೆ ಹೇಳಬೇಕಾದ ಆ ಮಾತನ್ನು ತವರಿನಲ್ಲಿ ಎರಡು ದಿನ ತನ್ನಷ್ಟಕ್ಕೇ ಹೇಳಿ ನೋಡಿಕೊಂಡಳಂತೆ, ಆಮೇಲೆ ಹುಬ್ಬಳ್ಳಿಗೆ ಹೊರಟಳು.