ಕೌದಿ ಹೊದ್ದ ಗಾಡಿ

ನಮ್ಮ ಮನೆಯವರಿಗೆ ಮೋಟರ್‌ಸೈಕಲ್ ಎಂದರೆ ಓಡಿಸುವ ವಸ್ತುವಲ್ಲ, ಮಾರುವ ವಸ್ತು. ಹೊಸ ಗಾಡಿ ಮನೆಗೆ ಬಂದ ದಿನವೇ ಅದನ್ನು ಮುಂದೆ ಯಾರಿಗೆ, ಎಷ್ಟಕ್ಕೆ ಕೊಡಬಹುದೆಂಬ ಲೆಕ್ಕಾಚಾರ ಶುರುವಾಗುತ್ತದೆ. ಸೀಟಿನ ಪ್ಲಾಸ್ಟಿಕ್ ಹರಿಯುವಂತಿಲ್ಲ. ಮಳೆಯಲ್ಲಿ ಹೊರಗೆ ತೆಗೆಯುವಂತಿಲ್ಲ. ಕಬ್ಬಿನ ಹಂಗಾಮಿನಲ್ಲಿ ಎಂ.ಕೆ. ಹುಬ್ಬಳ್ಳಿ ರಸ್ತೆಯ ಹೆಸರನ್ನೇ ಎತ್ತುವಂತಿಲ್ಲ. ಟ್ರ್ಯಾಕ್ಟರಿನಿಂದ ಜೋತುಬಿದ್ದ ಕಬ್ಬು ತಾಗಿದರೆ ಟ್ಯಾಂಕಿಗೆ ಗೀರು ಬೀಳುತ್ತದೆ. ಬೈಲಹೊಂಗಲದ ನಮ್ಮ ಮನೆಯ ಪಡಸಾಲೆಯಲ್ಲಿ, ನನ್ನ ಅವ್ವ ಹೊಲಿದು ಕೊಟ್ಟ ಕೌದಿ ಹೊದ್ದುಕೊಂಡು ಗಾಡಿ ಬಾಣಂತಿಯ ಹಾಗೆ ಬೆಚ್ಚಗೆ ನಿಂತಿರುತ್ತಿತ್ತು. ಇವರು ಮಾತ್ರ ಸವದತ್ತಿಯ ಗೊಬ್ಬರದ ಅಂಗಡಿ ಕೆಲಸಕ್ಕೆ ದಿನಾ ಬಸ್ಸಿನಲ್ಲಿ ಜೋತಾಡಿಕೊಂಡು ಹೋಗುತ್ತಿದ್ದರು.

"ಮನ್ಯಾಗ ಗಾಡಿ ಇಟಗೊಂಡು ಬಸ್ಸಿಗೆ ಯಾಕ ಹೋಗತೀರಿ?" ಎಂದು ಕೇಳಿದರೆ ಒಂದೇ ಉತ್ತರ.

"ಕಿಲೋಮೀಟರ್ ಏರಿದ್ರ ರೇಟ್ ಇಳೀತೈತಿ. ನಿನಗ ತಿಳಿಯಂಗಿಲ್ಲ ಬಿಡು."

ತಿಳಿಯದೆ ಏನು! ನಾನು ರಾಮದುರ್ಗದಲ್ಲಿ ಗಾಡಿ ಹೊಡೆದು ಬೆಳೆದವಳು. ತೌರಿನಲ್ಲಿ ಅಪ್ಪನ ಹಳೆಯ ಗಾಡಿಯೊಂದಿತ್ತು. ಮಡ್‌ಗಾರ್ಡಿಗೆ ತಂತಿ ಬಿಗಿದಿತ್ತು, ಹಾರ್ನ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ಸದ್ದು ಮಾಡುತ್ತಿತ್ತು. ಅದರ ಮೇಲೆಯೇ ಗೇರು ಹಾಕುವುದನ್ನು ಕಲಿತೆ, ಲೈಸೆನ್ಸ್ ಮಾಡಿಸಿದೆ. "ಇಕಿ ಕಾಲಿಗೆ ಚಕ್ರ ಕಟ್ಯಾರ" ಎಂದು ಅವ್ವ ಬೈಯುತ್ತಿದ್ದಳು. ಅಂಥವಳನ್ನು ತಂದು ಓಡದ ಗಾಡಿಯ ಎದುರು ಕೂರಿಸಿದರೆ ಏನಾಗಬೇಕು? ಕಸ ಹೊಡೆಯುವಾಗ ಕೌದಿ ಸರಿಸಿ ಹ್ಯಾಂಡಲ್ ಹಿಡಿಯುತ್ತಿದ್ದೆ, ಕ್ಲಚ್ ಒತ್ತುತ್ತಿದ್ದೆ, ಬಿಡುತ್ತಿದ್ದೆ. ಹಲ್ಲಿದ್ದವರಿಗೆ ಕಡಲೆ ಇಲ್ಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಅಷ್ಟರಲ್ಲಿ ನನಗೊಂದು ಕೆಲಸ ಸಿಕ್ಕಿತು. ಮುರಗೋಡದ ಆಚೆಯ ಹಳ್ಳಿಯೊಂದರ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಬಿ.ಎಡ್. ಮುಗಿಸಿ ರೊಟ್ಟಿ ಬಡಿಯುತ್ತ ಕುಳಿತಿದ್ದವಳಿಗೆ ಅದು ದೊಡ್ಡದೇ. ಆದರೆ ಬಸ್ಸು ಮುರಗೋಡಕ್ಕೆ ನಿಂತುಬಿಡುತ್ತದೆ. ಅಲ್ಲಿಂದ ಮುಂದೆ ಟಂಟಂ ರಿಕ್ಷಾ. ಮಂದಿ ತುಂಬುವ ತನಕ ಅದರ ಡ್ರೈವರ್ ಚಹಾದ ಅಂಗಡಿಯಿಂದ ಏಳುವುದಿಲ್ಲ. ನಾನು ಒಳಗೆ ಕುಳಿತು ಕಾಲು ಕುಣಿಸುತ್ತ, ಹೊತ್ತು ನೋಡುತ್ತ, ಹಲ್ಲು ಕಡಿಯುತ್ತ ಇರುತ್ತಿದ್ದೆ. ಶಾಲೆ ಮುಟ್ಟುವಷ್ಟರಲ್ಲಿ ಪ್ರಾರ್ಥನೆ ಮುಗಿದು ಮೊದಲನೇ ಪಾಠವೂ ಅರ್ಧ ಹೋಗಿರುತ್ತಿತ್ತು.

ಒಂದು ಶುಕ್ರವಾರ ಹೆಡ್‌ಮಾಸ್ತರು ಕರೆದರು. "ಟೀಚರ, ನೀವು ಕಲಸೂದು ಚಲೋ ಅದ. ಆದ್ರ ಮೊದಲನೇ ತಾಸು ಮಕ್ಕಳು ಖಾಲಿ ಕುಂದರತಾವು. ಸೋಮವಾರದಿಂದ ಪ್ರಾರ್ಥನಾಕ್ಕ ಇರಬೇಕ ನೋಡ್ರಿ. ಇಲ್ಲಂದ್ರ ನಾ ಬ್ಯಾರೆಯವರನ್ನ ನೋಡಬೇಕಾಗತೈತಿ."

ಮನೆಗೆ ಬಂದು ಇವರಿಗೆ ಹೇಳಿದೆ. ಗಾಡಿ ಕೊಡಿ ಎಂದೆ.

"ಹೊಸಾ ಮಾಡೆಲ್ ಬರಾಕ ಹತ್ತೈತಿ. ಅದು ಬಂತಂದ್ರ ಇದನ್ನ ಯಾರೂ ಮೂಸಿ ನೋಡಂಗಿಲ್ಲ," ಎಂದರು. "ರವಿವಾರ ಕಿತ್ತೂರಿಂದ ಗಿರಾಕಿ ಬರತಾನು. ಮಾತ ಮುಗದೈತಿ."

ನನಗೆ ಮೈಯೆಲ್ಲ ಉರಿದುಹೋಯಿತು. ಶನಿವಾರ ಶಾಲೆಯಿಂದ ಬಂದವಳು ಅಡುಗೆಮನೆಗೂ ಪಡಸಾಲೆಗೂ ತಿರುಗಾಡಿದ್ದೇ ತಿರುಗಾಡಿದ್ದು.

ಭಾನುವಾರ ಬಂದ ಗಿರಾಕಿ ಮೊದಲು ಎತ್ತಿನ ವ್ಯಾಪಾರ ಮಾಡುತ್ತಿದ್ದವರು, ಈಗ ಹಳೆ ಗಾಡಿ ಕೊಂಡು ಮಾರುವವರು. ಕೌದಿ ತೆಗೆಸಿ ಸುತ್ತ ಬಂದರು. ಟೈರನ್ನು ಉಗುರಿನಿಂದ ಕೆರೆದರು. ನಾಲ್ಕಾರು ಕಿಕ್ ಹೊಡೆದ ಮೇಲೆ ಗಾಡಿ ಕೆಮ್ಮುತ್ತ ಎದ್ದಿತು. ರೇಸ್ ಬಿಟ್ಟ ಕೂಡಲೇ ಬಂದ್ ಆಯಿತು. ಆಮೇಲೆ ಮೀಟರ್ ನೋಡಿ ಅವರು ನಕ್ಕುಬಿಟ್ಟರು.

"ಸಾಹುಕಾರ, ಮೀಟರ್ ಹಿಂದಕ್ಕ ತಿರುವೀರೇನ? ಇಷ್ಟು ವರ್ಷದ ಗಾಡಿ ಇಷ್ಟ ಓಡಿರತೈತೇನ್ರಿ?"

ಇವರ ಮುಖ ಕಪ್ಪಿಟ್ಟಿತು. "ಆಣಿ ಮಾಡಿ ಹೇಳತೇನಿ, ಓಡ್ಸೇ ಇಲ್ಲ!"

"ಓಡಸ್ರಿ, ಬಿಡ್ರಿ, ವರ್ಷ ಹೋದಂಗ ರೇಟ್ ಹೋಗತೈತಿ. ನಿಂತ್ರ ಇನ್ನಾ ಜಲ್ದಿ ಹೋಗತೈತಿ."

ಅವರು ಗಾಡಿಗೆ ಹೇಳಿದ ಮಾತು ನನಗೆ ತಾಗಿತು. ಈ ಕೆಲಸ ಸಿಗುವ ತನಕ ನನ್ನ ಸರ್ಟಿಫಿಕೇಟುಗಳೂ ಟ್ರಂಕಿನಲ್ಲಿ ಹಾಗೇ ನಿಂತಿದ್ದವು.

ಕಡೆಗೆ ಇವರು ಒಳಗೆ ತಿರುಗಿ ಕೂಗಿದರು. "ಬೇಕಾದ್ರ ನಮ್ಮ ಮನ್ಯಾಗ ಕೇಳ್ರಿ! ಹೇಳು, ಈ ಗಾಡಿ ಎಲ್ಲೆರೆ ಹೋಗೇತೇನು?"

ಬಾಗಿಲಲ್ಲಿ ನಿಂತಿದ್ದೆ. ಹೌದು, ಮೀಟರ್ ತಿರುವಿದ್ದಾರೆ ಎಂದು ಒಂದು ಮಾತು ಅಂದರೆ ಸಾಕಿತ್ತು. ಗಿರಾಕಿ ಎದ್ದು ಹೋಗುತ್ತಿದ್ದರು, ಗಾಡಿ ನನಗೆ ಉಳಿಯುತ್ತಿತ್ತು. ಆದರೆ ಪೇಟೆಯಲ್ಲಿ ಇವರ ಹೆಸರು ಮಣ್ಣಾಗುತ್ತಿತ್ತು. ನಾನು ಇದ್ದದ್ದನ್ನೇ ಹೇಳಿದೆ.

"ಖರೇನ ಎಲ್ಲೂ ಹೋಗಿಲ್ರಿ. ನಮ್ಮವ್ವಗ ಆರಾಮಿಲ್ಲಂದಾಗ ಗಾಡಿ ರಾಮದುರ್ಗಕ್ಕ ಹೋಗಲಿಲ್ಲ, ನಾವು ಬಸ್ಸಿಗೆ ಹೋದ್ವಿ. ನವಿಲುತೀರ್ಥ ಡ್ಯಾಮಿನಾಗ ನೀರು ಬಿಟ್ಟಾರಂತ ಊರ ಮಂದಿಯೆಲ್ಲಾ ನೋಡಾಕ ಹೋದ್ರು, ರಸ್ತಾದಾಗ ಖಡಿ ಕಲ್ಲು ಐತಂತ ನಾವು ಮನ್ಯಾಗ ಕುಂತ್ವಿ. ಗುಡ್ಡಕ್ಕ ಹೋಗಿಲ್ಲ, ಮಠಕ್ಕ ಹೋಗಿಲ್ಲ. ನನ್ನ ಸಾಲಿಗಂತೂ ಹೋಗೇ ಇಲ್ಲ. ಮೀಟರ್ ಖರೇ ಐತ್ರಿ."

ಇವರು ನೆಲ ನೋಡುತ್ತಿದ್ದರು.

"ನಂಬಿದೆ ಅಕ್ಕಾರ," ಎಂದರು ಗಿರಾಕಿ. ಇವರು ಕೇಳಿದ ಬೆಲೆಯ ಹತ್ತಿರಕ್ಕೆ ಬಂದು ಮಾತು ಮುಗಿಸಿದರು. ಆಮೇಲೆ ನನ್ನ ಕಡೆ ಕೈ ಚಾಚಿ, "ಕೀಲಿ ನಿಮ್ಮ ಕೈಲೇ ಕೊಡ್ರಿ," ಎಂದರು. ನಮ್ಮ ಕಡೆ ಎತ್ತು ಮಾರಿದರೆ ಹಗ್ಗವನ್ನು ಮನೆಯ ಹೆಣ್ಣುಮಗಳೇ ಕೊಂಡವರ ಕೈಗೆ ಕೊಡಬೇಕು. ಅವಳಿಗೆ ಮನಸ್ಸಿಲ್ಲದೆ ಹೋದ ಎತ್ತು ಹೋದ ಮನೆಯಲ್ಲಿ ನಿಲ್ಲುವುದಿಲ್ಲ ಎನ್ನುತ್ತಾರೆ. ಗಾಡಿ ವ್ಯಾಪಾರಕ್ಕೆ ಬಂದರೂ ಅವರು ಆ ಪದ್ಧತಿ ಬಿಟ್ಟಿರಲಿಲ್ಲ.

ದೇವರ ಜಗುಲಿಯ ಮೇಲಿದ್ದ ಕೀಲಿಗೆ ಕುಂಕುಮ ಹಚ್ಚಿ ತಂದೆ. ತಂದೆನೇ ಹೊರತು ಮುಷ್ಟಿ ಬಿಚ್ಚಲಾಗಲಿಲ್ಲ.

"ಕೊಡಂಗಿಲ್ರಿ," ಎಂದೆ. "ನಾಳೆ ನನಗ ಸಾಲಿಗೆ ಹೋಗೂದೈತಿ."

"ಏ, ಹುಚ್ಚ ಹಿಡದೈತೇನು!" ಎಂದು ಇವರು ಎದ್ದರು. ಗಿರಾಕಿ ಅವರನ್ನು ಕೈ ಹಿಡಿದು ಕೂರಿಸಿದರು. "ಬ್ಯಾಡ್ರಿ ಸಾಹುಕಾರ. ಹೆಣ್ಣಮಗಳು ಮನಸಾರೆ ಕೊಡದ್ದನ್ನ ನಾ ಒಯ್ಯಾಂವಲ್ಲ." ಚಹಾ ಕುಡಿದು, ಚಪ್ಪಲಿ ಮೆಟ್ಟಿ ಹೊರಟೇ ಹೋದರು. ಆ ದಿನ ಪೂರ್ತಿ ಇವರು ನನಗೆ ಬೆನ್ನು ಹಾಕಿಕೊಂಡೇ ಕುಳಿತರು, ಆದರೆ ಊಟ ಮಾತ್ರ ಬಿಡಲಿಲ್ಲ.

ಸೋಮವಾರ ಬೆಳಿಗ್ಗೆ ಕಿಕ್ ಹೊಡೆದೇ ಹೊಡೆದೆ. ಕಾಲು ಬಿದ್ದುಹೋಯಿತೇ ಹೊರತು ಗಾಡಿ ಜಪ್ಪೆನ್ನಲಿಲ್ಲ. ಹೊತ್ತು ಓಡುತ್ತಿತ್ತು. ಅಳು ಬಂದುಬಿಟ್ಟಿತು. ಆಗ ಇವರು ಲುಂಗಿ ಮೇಲಕ್ಕೆ ಕಟ್ಟಿಕೊಂಡು ಹೊರಗೆ ಬಂದು, ಮುಖ ಗಂಟು ಹಾಕಿಕೊಂಡೇ ಹಿಂದಿನಿಂದ ನೂಕತೊಡಗಿದರು.

"ಸೆಕೆಂಡ್ ಗೇರ್ ಹಾಕು. ಕ್ಲಚ್ ಸಾವಕಾಶ ಬಿಡು. ಸಾವಕಾಶ ಅಂದ್ನೆಲ್ಲಾ!"

ಓಣಿಯ ತುದಿಯಲ್ಲಿ ಗಾಡಿ ಎದ್ದಿತು. ರೇಸ್ ಬಿಟ್ಟರೆ ಬಂದ್ ಆಗುತ್ತದೆಂದು ನಾನು ನಿಲ್ಲಿಸಲಿಲ್ಲ, ಹೋಗಿ ಬರುತ್ತೇನೆಂದೂ ಹೇಳಲಿಲ್ಲ. ಮುರಗೋಡದಲ್ಲಿ ಟಂಟಂ ಇನ್ನೂ ಅಲ್ಲೇ ನಿಂತಿತ್ತು. ಶಾಲೆಯ ಅಂಗಳದಲ್ಲಿ ಮಕ್ಕಳು ಸಾಲುಗಟ್ಟುತ್ತಿದ್ದರು. ನಿಲ್ಲಿಸಲು ಧೈರ್ಯ ಸಾಲದೆ ಧ್ವಜದ ಕಂಬ ಸುತ್ತುತ್ತ ಕೂಗಿದೆ.

"ಸರ, ಬಂದೇನ್ರಿ!"

"ಕಾಣಸ್ತು ಟೀಚರ, ಇಳೀರಿ ಇನ್ನ," ಎಂದರು ಹೆಡ್‌ಮಾಸ್ತರು. ಮಕ್ಕಳು ಬಿದ್ದು ಬಿದ್ದು ನಕ್ಕವು.

ಕೀಲಿ ತಿರುವಿ ಗಾಡಿ ಬಂದ್ ಮಾಡಿದೆ. ಸಂಜೆ ಯಾರು ನೂಕುತ್ತಾರೋ ದೇವರೇ ಬಲ್ಲ. ಹೋಗಿ ಟೀಚರುಗಳ ಸಾಲು ನೋಡಿದೆ. ನನ್ನ ಜಾಗದಲ್ಲಿ ಯಾರೂ ನಿಂತಿರಲಿಲ್ಲ.